ಕಸುಬು ಎಂಬ ಕಾಲಮ್ಮು

31-8-94, ಬೆಳಿಗ್ಗೆ

ಕೆಂಪರಾಜ,

ನಿಮ್ಮಣ್ಣ ಮಗ್ಗದ ಶೆಡ್ಡಿಗೆ ಪಾರ್ಟ್‌ನರ್ ಆದಮೇಲೆ ಮೊದಲ ಸಲ ಇನ್‌ಕಮ್ ಟ್ಯಾಕ್ಸ್ ಫಾರಂ ಕೊಡಲು ಬೆಂಗಳೂರಿಗೆ ಹೊರಟಿದ್ದಾನೆ. ಇವತ್ತೇ ಕೊನೆಯ ದಿನ, ದಿಲ್ಲಿಯೇ ಬಾಗಿಲು ತೆರೆದು ಕಾಯುತ್ತಿದೆ!

ಸಾರು ಒಲೆಯ ಮೇಲಿದೆ. ಮುದ್ದೆ ನೀನೇ ಮಾಡಿಕೋ.

ಸಾವಿರ ಕಾಲಮ್ಮುಗಳನ್ನು ಒಂದೇ ಉಸಿರಿಗೆ ತುಂಬಿದ ಧೀರ, ಕಸುಬು ಎಂಬಲ್ಲಿ ಮಾತ್ರ ‘ನೇಕಾರ’ ಎಂದು ಬರೆದುಬಿಟ್ಟ. “ಏನ್ ಸ್ವಾಮಿ, ಮಾಲೀಕ್ರಾದ್ರೂ ಮಗ್ಗ ಬಿಟ್ಟಿಲ್ವಾ?” ಎಂದು ನಿನ್ನೆ ಆಡಿಟರು ನಕ್ಕು ಅದನ್ನು ಹೊಡೆದುಹಾಕಿದರು.

ಈಗ ನಿಮ್ಮಣ್ಣ ಶೆಡ್ಡಿಗೆ ಕಾಲಿಟ್ಟರೆ ಮಗ್ಗಗಳನ್ನು ಬಿಟ್ಟು ಯಾರೂ ಮಾತಾಡುವುದಿಲ್ಲ. ಮನೆಯಲ್ಲಿ ನೀನೂ ಮೂರು ತಿಂಗಳಿಂದ “ಸರಿ ಸಾರ್” ಅನ್ನುವುದು ಬಿಟ್ಟರೆ ಬಾಯಿ ಬಿಟ್ಟಿಲ್ಲ.

ಸಾಯಂಕಾಲ ಆರರ ಬಸ್ಸಿಗೆ ಇಳಿಯುತ್ತಾನೆ. ಸ್ಟ್ಯಾಂಡಿಗೆ ಬಂದು, “ಬಾರಣ್ಣ, ಬೈಟು ಟೀ ಹಾಕೋಣ” ಅನ್ನು.

ದುಡ್ಡು ನೀನೇ ಕೊಡಬೇಕು.

ಇಂತಿ,
ನಿಮ್ಮಣ್ಣನೇ