ಫೆಬ್ರವರಿಯ ಕತ್ತಲೆ ಚಿತ್ರಗಳು

ಕರಾಶೋಕಿ ವೀಕ್ಷಣಾಲಯ
ಅಕ್ಟೋಬರ್ ೧೯, ಭಾನುವಾರ ಮಧ್ಯಾಹ್ನ

ಪ್ರಿಯ ಕೈರ್ಕೆನ್,

ಆರು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನನ್ನ ಮಂಡಿ ನೋವು ಹಾಗೇ ಇದೆ, ಗುಮ್ಮಟದ ಬಾಗಿಲು ಇನ್ನೂ ಎಡಗಡೆ ಸಿಕ್ಕಿಹಾಕಿಕೊಳ್ಳುತ್ತದೆ, ಕುರಿಯವರು ಮೊನ್ನೆಯೇ ಕೆಳಗಿಳಿದರು. ಈಗ ಮೇಲೆ ನಾವು ಮೂವರೇ. ನಿರ್ದೇಶಕ ಸಪರ್‌ಗಾಲಿ, ನಾನು, ಮತ್ತು ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಐಗನಿಂ ಎಂಬ ಹುಡುಗಿ. ಅವಳನ್ನು ನೀನು ನೋಡಿಲ್ಲ. ಅಕ್ಕ, ಟೀಚರ್ ಎನ್ನುವ ಗೌರವದಿಂದ ನನ್ನನ್ನು ಅಪೈ ಎನ್ನುತ್ತಾಳೆ. ಮಾತು ಜಾಸ್ತಿ, ಕೈ ಚುರುಕು, ಚಹಾಕ್ಕೆ ಉಪ್ಪು ಹಾಕುವುದು ಮಾತ್ರ ಯಾವಾಗಲೂ ಮರೆಯುತ್ತಾಳೆ.

ವಿಷಯ ಕ್ಯಾಮೆರಾದ್ದು. ನಗಬೇಡ. ನಮ್ಮಿಬ್ಬರ ಸಂಸಾರದಲ್ಲಿ ಯಾವ ವಿಷಯ ತಾನೇ ಕ್ಯಾಮೆರಾದ್ದಾಗಿರಲಿಲ್ಲ?

ಆಗಸ್ಟ್ ಕೊನೆಯಿಂದ ಚಿತ್ರಗಳು ಕೆಡತೊಡಗಿದವು. ತಿದ್ದಿದ ಮೇಲೂ ಆಕಾಶದ ಬಲಮೂಲೆ ಬೆಳ್ಳಗೆ, ನಡುವೆ ಸೂಜಿಯಿಂದ ಚುಚ್ಚಿದ ಹಾಗೆ ಕಪ್ಪು ತೂತುಗಳು. ಐಗನಿಂ ಮೊದಲು ಧೂಳು ಎಂದಳು. ಗಾಜು ಒರೆಸಿದೆವು. ಸಂಜೆ ಬೆಳಕಿನಲ್ಲಿ ಬಿಳಿ ಬಟ್ಟೆ ಕಟ್ಟಿ ಸಮಬೆಳಕಿನ ಚಿತ್ರಗಳನ್ನು ಹೊಸದಾಗಿ ತೆಗೆದೆವು. ಮೂಲೆ ಇನ್ನಷ್ಟು ಬೆಳ್ಳಗಾಯಿತು. ಎಲ್ಲಿಂದಲೋ ಬೆಳಕು ಸೋರುತ್ತಿದೆ ಎಂದು ನಾನೆಂದೆ. ಕೊಳವೆಯ ಸುತ್ತ ಕರಿ ಉಣ್ಣೆಯ ಕಂಬಳಿ ಸುತ್ತಿದೆವು. ಸಪರ್‌ಗಾಲಿ ಒಳಗೆ ಬಂದವನು, "ಏನ್ರಮ್ಮ, ದೂರದರ್ಶಕಕ್ಕೆ ಜ್ವರ ಬಂದಿದ್ಯಾ? ಕಷಾಯ ಕುಡಿಸಿದ್ರಾ?" ಅಂದ. ಏನೂ ಪ್ರಯೋಜನವಾಗಲಿಲ್ಲ. ತಂತಿ ಬದಲಾಯಿಸಿದೆವು, ತೇವ ಹೀರುವ ಪುಡಿ ಬದಲಾಯಿಸಿದೆವು. ಮೂರು ವಾರ ಹೀಗೇ ಹೋಯಿತು. ನನಗೆ ಐವತ್ನಾಲ್ಕು, ಕೈರ್ಕೆನ್. ಆ ಕಬ್ಬಿಣದ ಏಣಿಯನ್ನು ದಿನಕ್ಕೆ ಹನ್ನೆರಡು ಸಲ ಹತ್ತಿಳಿಯುವಾಗ ಈ ಕ್ಯಾಮೆರಾ ಕಣಿವೆಗೆ ಬಿದ್ದು ಹಾಳಾಗಿ ಹೋಗಬಾರದೇ ಎನ್ನಿಸುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಐಗನಿಂ. "ಅಪೈ, ಕ್ಯಾಮೆರಾ ಸೆನ್ಸರಿನ ಚಳಿ ತೋರ್ಸೋ ಈ ಮೀಟರು ಹೇಳಿದ್ದನ್ನೇ ನಾವ್ಯಾಕೆ ನಂಬಬೇಕು? ಮೈನಸ್ ಇಪ್ಪತ್ತು ಅಂತ ಅದೇ ಹೇಳ್ಕೊಳ್ತಿದೆ. ಯಾರು ನೋಡಿದಾರೆ?" ಅಂದಳು. ಮುಚ್ಚಳ ಹಾಕಿ, ಬೆಳಗಿನಿಂದ ಸಂಜೆವರೆಗೆ ಹತ್ತು ನಿಮಿಷಕ್ಕೊಂದರಂತೆ ಕತ್ತಲೆ ಚಿತ್ರ ತೆಗೆದೆವು. ಬೆಳಕೇ ಇಲ್ಲದ ಚಿತ್ರ ಇಡೀ ದಿನ ಒಂದೇ ರೀತಿ ಇರಬೇಕು ತಾನೆ? ಗುಮ್ಮಟದ ತಗಡು ಬಿಸಿಲಿಗೆ ಕಾದಂತೆಲ್ಲ ಅದು ಬೆಳಗುತ್ತಾ ಹೋಯಿತು. ಮೀಟರು ಮಾತ್ರ ಇಡೀ ದಿನ ಮೈನಸ್ ಇಪ್ಪತ್ತನ್ನೇ ತೋರಿಸಿತು.

ಬಿಚ್ಚಿ ನೋಡಿದೆವು. ಸೆನ್ಸರಿನ ಬೆನ್ನಿಗೆ ಉಷ್ಣಮಾಪಕದ ಮಣಿಯನ್ನು ಹಿಡಿದಿಡುವ ಅಂಟು ಒಣಗಿ ಪುಡಿಯಾಗಿತ್ತು. ಮಣಿ ಪಕ್ಕದ ತಣ್ಣನೆಯ ತಾಮ್ರಕ್ಕೆ ಒರಗಿ ಅದರ ಚಳಿಯನ್ನು ಹೇಳುತ್ತಿತ್ತು. ಸೆನ್ಸರಿನ ಪಾಡು ಅದಕ್ಕೆ ಗೊತ್ತೇ ಇರಲಿಲ್ಲ.

ಹೊಸ ಅಂಟು ಹಾಕಿದೆ. ಒಂದು ಗಂಟೆಯ ಕೆಲಸ. ಎಲ್ಲ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಐಗನಿಂ, "ಇದು ಮೊದಲೂ ಹೀಗೇ ಆಗಿತ್ತೇನೋ, ಹಳೇ ಚಿತ್ರ ನೋಡ್ತೀನಿ ಇರಿ," ಎಂದು ಕಪಾಟು ತೆಗೆದಳು.

ಆರು ವರ್ಷದ ಹಿಂದಿನ ಆ ಫೆಬ್ರವರಿಯಲ್ಲಿ ನಾನು ಕ್ಯಾಮೆರಾದ ಫ್ಯಾನು ಬದಲಾಯಿಸಿದ್ದು ನಿನಗೆ ನೆನಪಿದೆಯೇ? ಬಿಚ್ಚಿ ಜೋಡಿಸಿದ ಮೇಲೆ ಎರಡು ದಿನ ಮುಚ್ಚಳ ಹಾಕಿ ಹೊಸ ಕತ್ತಲೆ ಚಿತ್ರ ತೆಗೆಯಬೇಕಿತ್ತು, ಆಕಾಶದ ಚಿತ್ರದಿಂದ ಕ್ಯಾಮೆರಾದ ಸ್ವಂತ ಗದ್ದಲವನ್ನು, ಆ ಚದುರಿದ ಚುಕ್ಕೆಗಳನ್ನು, ಕಳೆಯಲು. ಆಕಾಶ ತಿಳಿಯಾಗಿತ್ತು, ನಿನ್ನ ನಕ್ಷತ್ರದ ಮುಂದೆ ಗ್ರಹ ಹಾಯುವ ಹೊತ್ತು ಬಂದಿತ್ತು. "ಎರಡು ದಿನ ಕಳೆದ್ರೆ ಮುಂದಿನ ಚಳಿಗಾಲದವರೆಗೆ ಕಾಯ್ಬೇಕು ಕಣೇ," ಎಂದು ನೀನು ಬಾಗಿಲಲ್ಲೇ ನಿಂತಿದ್ದೆ. ನಾನು ಕ್ಯಾಮೆರಾ ಕೊಟ್ಟೆ.

ನಿನ್ನ ಆ ಮೂರು ರಾತ್ರಿಗಳ ಮೂಲ ಚಿತ್ರಗಳು ಇನ್ನೂ ಇವೆ. ತಂತ್ರಾಂಶ ಮೊದಲೇ ಕತ್ತರಿಸಿ ಬಿಸಾಡುವ ಅಂಚಿದೆಯಲ್ಲ, ಬೆಳಕು ಬೀಳದ ಪಟ್ಟಿ, ಐಗನಿಂ ಅದನ್ನು ಅಳೆದಳು. ಮೂರೂ ರಾತ್ರಿ ಅದರ ಹೊಳಪು ಏರಿದೆ, ಅಂದರೆ ಸೆನ್ಸರು ಬಿಸಿಯಾಗಿದೆ. ಅದು ಏರಿದ ಹೊತ್ತಿಗೇ ನಿನ್ನ ನಕ್ಷತ್ರ ಮಂಕಾಗಿದೆ. ನಿಜಕ್ಕೂ ಅದು ಮಂಕಾಗಿರಲಿಲ್ಲ. ನೀನು ಹೋಲಿಕೆಗೆ ಇಟ್ಟುಕೊಂಡಿದ್ದ ಪಕ್ಕದ ನಕ್ಷತ್ರ ಸೆನ್ಸರಿನ ಬಿಸಿ ಮೂಲೆಯಲ್ಲಿ ಕೂತು ಹೆಚ್ಚು ಬೆಳಗಿದಂತೆ ಕಂಡಿತು. ನಿನ್ನ ಗ್ರಹ ಇಲ್ಲ, ಕೈರ್ಕೆನ್. ಆದರೆ ಅಂಕಿಗಳನ್ನು ನೀನು ತಿದ್ದಿರಲಿಲ್ಲ. ಕ್ಯಾಮೆರಾ ಕೊಟ್ಟದ್ದನ್ನೇ ಬರೆದಿದ್ದೆ.

ಏಪ್ರಿಲ್‌ನಲ್ಲಿ ಕ್ಯಾಮೆರಾ ನಗರಕ್ಕೆ ಹೋಗಿ ಪೂರಾ ರಿಪೇರಿಯಾಗಿ ಬಂದಿತ್ತು. ಹಾಗಾಗಿ ಅಂಕಿಗಳನ್ನು ನೀನೇ ತಿದ್ದಿದ್ದೀಯ ಎಂದು ಮೇ ತಿಂಗಳಲ್ಲಿ ನಡೆದ ವಿಚಾರಣೆಯಲ್ಲಿ ಅದರಲ್ಲಿ ಯಾವ ದೋಷವೂ ಸಿಗಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ. ಸಪರ್‌ಗಾಲಿ ನನ್ನನ್ನು ಕೇಳಿದ: "ಕುಲ್ಯಾಶ್, ಫೆಬ್ರವರಿಯ ಕತ್ತಲೆ ಚಿತ್ರಗಳು ಹೊಸದಾ?" ಹೊಸದು ಎಂದೆ. ಕ್ಯಾಮೆರಾ ಸರಿ, ಚಿತ್ರ ಹೊಸದು ಎಂದಾದರೆ ತಪ್ಪಿತಸ್ಥ ನೀನೊಬ್ಬನೇ. ಆ ರಾತ್ರಿ ಊಟಕ್ಕೆ ಕೂತಾಗ, "ನೀನಾದ್ರೂ ನಂಬ್ತೀಯಾ?" ಎಂದು ನೀನು ಕೇಳಿದೆ. ಸಂಖ್ಯೆಗಳು ಹಾಗೆ ಹೇಳುತ್ತಿಲ್ಲ ಎಂದು ನಾನು ನಿನಗೆ ಚಹಾ ಬಗ್ಗಿಸಿದೆ. ವಾರ ಕಳೆಯುವುದರೊಳಗೆ ನೀನು ಕರಗಂಡದ ನಿನ್ನ ಅಣ್ಣನ ಮನೆ ಸೇರಿದ್ದೆ. ಫ್ರಿಜ್ ರಿಪೇರಿ ಮಾಡುತ್ತೀಯೆಂದು ಅತ್ತಿಗೆ ಹೇಳಿದಳು.

ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಐಗನಿಂ ನನ್ನನ್ನು ಕರೆದಳು. "ಅಪೈ, ಇದು ಜನವರಿದು. ಇದು ನೀವು ಫೆಬ್ರವರಿ ಅಂತ ಬರ್ದಿರೋದು. ಎರಡೂ ಒಂದೇ ಇದಾವಲ್ಲ, ಒಂದೊಂದು ಚುಕ್ಕೆನೂ. ಗದ್ದಲ ಎರಡು ಸಲ ಒಂದೇ ಥರ ಇರಕ್ಕೆ ಸಾಧ್ಯನಾ?"

ಸಾಧ್ಯವಿಲ್ಲ. ಹಳೆಯ ಚಿತ್ರಗಳಿಗೇ ಹೊಸ ತಾರೀಖು ಬರೆದಿದ್ದೆ. ಆಮೇಲೆ ಹೊಸತು ತೆಗೆದು ಬದಲಾಯಿಸಿದರಾಯಿತು ಎಂದುಕೊಂಡೆ, ಕೆಲಸದ ಗಡಿಬಿಡಿಯಲ್ಲಿ ಮರೆತೇ ಹೋಯಿತು. ವಿಚಾರಣೆಯ ಹೊತ್ತಿಗೆ ನಾನು ನಿಜಕ್ಕೂ ತೆಗೆದಿದ್ದೆ ಎಂದೇ ನಂಬಿದ್ದೆ. ಆ ಎರಡು ದಿನ ಮುಚ್ಚಳ ಹಾಕಿ ಕೂತಿದ್ದರೆ ಮಣಿ ಸಡಿಲವಾಗಿದ್ದು ಆಗಲೇ ಕಾಣುತ್ತಿತ್ತು.

ಹುಡುಗಿ ಕಡತಗಳನ್ನು ಒಟ್ಟು ಸೇರಿಸಿದಳು. ಆಮೇಲೆ ಮೆಲ್ಲಗೆ, "ನಾನೇನೂ ನೋಡಿಲ್ಲ ಅಂದ್ಕೊಳ್ಳಿ. ಕಪಾಟು ಮುಚ್ಚಿಬಿಡ್ಲಾ?" ಎಂದಳು.

ಮುಚ್ಚು ಎಂದೆ. ಒಂಬತ್ತು ದಿನ ಅದು ಮುಚ್ಚಿಯೇ ಇತ್ತು. ಆ ಒಂಬತ್ತು ದಿನವೂ ಅವಳು ನನ್ನನ್ನು ಅಪೈ ಎಂದೇ ಕರೆದಳು, ಮೊದಲಿನಂತೆಯೇ ನಗುತ್ತಾ ಉಪ್ಪಿಲ್ಲದ ಚಹಾ ಕೊಟ್ಟಳು. ಆ ನಗುವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ನಾನು ಕಲಿಸಿದ ಹುಡುಗಿ ನನ್ನಿಂದ ಇದನ್ನೂ ಕಲಿತುಬಿಟ್ಟಳಲ್ಲ ಅನ್ನಿಸಿತು.

ಮೊನ್ನೆ ಶುಕ್ರವಾರ ಸಪರ್‌ಗಾಲಿಯ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆರು ವರ್ಷದ ಹಿಂದಿನ ಹೆಣ ಯಾಕಮ್ಮ ಅಗೀತೀಯ? ಆ ಗ್ರಹ ಆಗಲೂ ಇರ್ಲಿಲ್ಲ, ಈಗಲೂ ಇಲ್ಲ."

"ಗ್ರಹ ಇಲ್ಲ ಸರಿ. ಮನುಷ್ಯ ಇದಾನಲ್ಲ," ಅಂದೆ.

"ಬರೆದು ಕೊಟ್ರೆ ಕ್ಯಾಮೆರಾ ನಿನ್ನ ಕೈಯಲ್ಲಿ ಉಳಿಯಲ್ಲ. ಗೊತ್ತಲ್ವಾ?"

ಕೀಲಿಕೈ ಆಗಲೇ ಐಗನಿಂಗೆ ಕೊಟ್ಟಾಗಿದೆ ಎಂದೆ. ಅವನು ಕನ್ನಡಕ ಮತ್ತೆ ಹಾಕಿಕೊಂಡ. ಕೊನೆಗೆ, "ನಾನೂ ಆವತ್ತು ಇನ್ನೊಂದು ಪ್ರಶ್ನೆ ಕೇಳಬಹುದಿತ್ತು," ಎಂದ.

ವರದಿ ಬರೆದುಕೊಟ್ಟಿದ್ದೇನೆ. ನಿನ್ನ ಮೇಲಿನ ಆರೋಪ ಹಿಂದೆಗೆದುಕೊಳ್ಳುವ ಪತ್ರ ಅಕಾಡೆಮಿಯಿಂದ ನಿನಗೆ ಬರುತ್ತದೆ. ತಡವಾಗಬಹುದು, ಅವರ ರೀತಿ ನಿನಗೆ ಗೊತ್ತಲ್ಲ. ಹಿಂತಿರುಗಿ ಬಾ ಎಂದು ಕೇಳಲು ನನಗೆ ಮುಖವಿಲ್ಲ. ನವೆಂಬರ್‌ನಲ್ಲಿ ನಾನು ಕೆಳಗಿಳಿದು ತಂಗಿಯ ಮನೆಗೆ ಹೋಗುತ್ತೇನೆ. ಸಾಕಾಗಿದೆ. ಇಲ್ಲಿ ಕೆಲಸವಿಲ್ಲದೆ ಕೂರುವುದು ನನಗೆ ಗೊತ್ತಿಲ್ಲ.

ಚಳಿ ಶುರುವಾಗಿದೆ. ಎದೆ ಮುಚ್ಚಿಕೊಂಡು ಓಡಾಡು. ಆ ಕೆಮ್ಮು ಹೋಯಿತೋ ಇಲ್ಲವೋ, ಅತ್ತಿಗೆ ಹೇಳಲಿಲ್ಲ.

ಇಂತಿ,
ಕ್ಷಮೆ ಕೇಳುವುದನ್ನೂ ತಡಮಾಡಿದ,
ಕುಲ್ಯಾಶ್

ಮರುಬರಹ (ಸೋಮವಾರ ಬೆಳಿಗ್ಗೆ): ಟಪಾಲಿನ ಜೀಪು ಬರಲು ಇನ್ನೂ ಹೊತ್ತಿದೆ. ಪತ್ರವನ್ನು ಮತ್ತೆ ಓದಿದೆ. ಇದರಲ್ಲಿ ಒಂದು ಸುಳ್ಳಿದೆ. ನಾನು ಮರೆತಿರಲಿಲ್ಲ. ಸಪರ್‌ಗಾಲಿ ಆ ಪ್ರಶ್ನೆ ಕೇಳಿದಾಗ ನೀನು ನನ್ನ ಕಡೆ ತಿರುಗಿ ಸಣ್ಣಗೆ ನಕ್ಕೆ, ಇನ್ನು ಇವಳು ನನ್ನನ್ನು ಉಳಿಸುತ್ತಾಳೆ ಎನ್ನುವ ಹಾಗೆ. ಆ ಕ್ಷಣದಲ್ಲಿ ನನಗೆ ಎಲ್ಲವೂ ನೆನಪಿತ್ತು, ಜನವರಿಯೂ, ಫೆಬ್ರವರಿಯೂ. ಇಪ್ಪತ್ತು ವರ್ಷದಲ್ಲಿ ಕುಲ್ಯಾಶ್ ಒಂದು ಸಲವೂ ತಪ್ಪಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದಕ್ಕೇ ಹೊಸದು ಎಂದೆ. ವರದಿಯಲ್ಲೂ 'ಮರೆವಿನಿಂದ' ಎಂದು ಬರೆದುಕೊಟ್ಟಿದ್ದೆ. ಈಗಷ್ಟೇ ಸಪರ್‌ಗಾಲಿಯ ಮೇಜಿನಿಂದ ಅದನ್ನು ತರಿಸಿಕೊಂಡು, ಆ ಪದ ಹೊಡೆದುಹಾಕಿ, 'ತಿಳಿದೂ ತಿಳಿದೂ' ಎಂದು ಬರೆದು ಪಕ್ಕದಲ್ಲಿ ರುಜು ಹಾಕಿದ್ದೇನೆ. ಸಾಕ್ಷಿಯಾಗಿ ಐಗನಿಂ ರುಜು ಹಾಕಿದ್ದಾಳೆ. ಅದರ ಪ್ರತಿ ಇದರ ಜೊತೆಗಿದೆ.