ಇಪ್ಪತ್ತೇಳನೇ ಬಿಲ್ಲೆ

8 ಏಪ್ರಿಲ್ 1996, ಸೋಮವಾರ. ಮಧ್ಯಾಹ್ನ 2

ಆರಕ್ಕೆ ಗಿರಣಿ ತೆರೆದಾಗ ಬಾಗಿಲಲ್ಲಿ ಆಗಲೇ ಹದಿನಾಲ್ಕು ಡಬ್ಬ. ರಾಗಿಗಿಂತ ಮೆಣಸಿನಕಾಯಿ ಹೆಚ್ಚು. ಹಲಸೂರಿನಲ್ಲೇ ಇನ್ನೂ ಮೂರು ಗಿರಣಿ ಇವೆ. ಆದರೂ ಮರ್ಫಿ ಟೌನ್, ಜೋಗುಪಾಳ್ಯ, ದೊಮ್ಮಲೂರಿನಿಂದ ಹೊತ್ತುಕೊಂಡು ಇಲ್ಲಿಗೇ ಬರುತ್ತಾರೆ. ಯಜಮಾನರು ಹೋದ ಮೇಲೆ ಆರು ತಿಂಗಳಲ್ಲಿ ಮುಚ್ಚುತ್ತಾಳೆ ಎಂದಿದ್ದರು ಬಂಧುಗಳು. ಒಂಬತ್ತು ವರ್ಷವಾಯಿತು.

ಸ್ಟಾರ್ಟರ್ ತಂಟೆ ಮಾಡುತ್ತಿದೆ. ಹಸಿರು ಗುಂಡಿ ಒತ್ತಿದರೆ ಮೋಟಾರ್ ಓಡುತ್ತದೆ. ಬೆರಳು ತೆಗೆದರೆ ನಿಲ್ಲುತ್ತದೆ. ಸೊಸೆ ದಿವ್ಯ ಒಂದು ಗಂಟೆ ಬೆರಳಿಟ್ಟುಕೊಂಡೇ ನಿಂತಳು. ಟೈಪಿಂಗ್ ಕ್ಲಾಸಿಗೆ ತಡವಾಯಿತೆಂದು ಮುಖ ಊದಿಸಿಕೊಂಡಿದ್ದಾಳೆ. ಜೂನ್‌ನಲ್ಲಿ ಸೀನಿಯರ್ ಪರೀಕ್ಷೆಯಂತೆ. ಟೈಪ್ ಹೊಡೆದು ಯಾವ ರಾಗಿ ಬೀಸುತ್ತಾಳೋ.

9 ಏಪ್ರಿಲ್, ಮಂಗಳವಾರ

ನಯಾಜ್ ಬಂದ. ಈ ಗಿರಣಿಗೆ ಮೊದಲು ವೈರ್ ಎಳೆದವನು ಅವನ ತಂದೆ. ಸ್ಟಾರ್ಟರಿನ ಮುಚ್ಚಳ ಬಿಚ್ಚಿ, ‘ಹೋಲ್ಡಿಂಗ್ ಹೋಗೈತೆ ಅಮ್ಮಾ’ ಎಂದು ಎದ್ದುಬಿಟ್ಟ. ನನಗೇನು ತಿಳಿಯುತ್ತದೆ ಎಂದುಕೊಂಡಿರಬೇಕು. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಕೂತು ಪೂರ್ತಿ ಹೇಳು ಎಂದೆ. ಹೇಳಿದ.

ಒಳಗೆ ತಾಮ್ರದ ತಂತಿ ಸುತ್ತಿದ ಸುರುಳಿ. ಗುಂಡಿ ಒತ್ತಿದರೆ ಅದಕ್ಕೆ ಕರೆಂಟು ಹೋಗಿ ಅಯಸ್ಕಾಂತವಾಗುತ್ತದೆ. ಎದುರಿನ ಕಬ್ಬಿಣದ ತುಂಡನ್ನು ಟಪ್ ಎಂದು ಎಳೆದುಕೊಳ್ಳುತ್ತದೆ. ಅದರ ಜೊತೆಗೇ ಮೂರು ಕಾಂಟ್ಯಾಕ್ಟ್ ಕೂಡುತ್ತವೆ, ಮೋಟಾರ್ ತಿರುಗುತ್ತದೆ. ಪಕ್ಕದಲ್ಲಿ ನಾಲ್ಕನೆಯದೊಂದಿದೆ, ಚಿಕ್ಕದು. ಬೆರಳು ತೆಗೆದ ಮೇಲೂ ಸುರುಳಿಗೆ ಕರೆಂಟು ಕೊಡುತ್ತಿರುವುದು ಅದರ ಕೆಲಸ. ನಮ್ಮದರಲ್ಲಿ ಅದು ಸುಟ್ಟುಹೋಗಿದೆ. ಅಡಿಯಲ್ಲಿರುವುದು ರಿಲೇ. ಮೋಟಾರಿಗೆ ಭಾರ ಹೆಚ್ಚಾದರೆ ಅದರೊಳಗಿನ ಲೋಹದ ಪಟ್ಟಿ ಕಾದು ಬಾಗಿ, ಸುರುಳಿಯ ಕರೆಂಟು ಕತ್ತರಿಸುತ್ತದೆ.

‘ಕರೆಂಟ್ ಹೋದ್ರೆ ಬಿಟ್ಬಿಡುತ್ತೆ ಅಮ್ಮಾ. ವಾಪಸ್ ಬಂದ್ರೂ ತಾನಾಗಿ ಹಿಡ್ಕೊಳ್ಳಲ್ಲ. ಮನುಷ್ಯ ಬಂದು ಒತ್ಬೇಕು. ಅದಕ್ಕೇ ಹಿಂಗೆ ಮಾಡಿರೋದು.’

ಹಳೆ ಮಾಡೆಲ್, ಪಾರ್ಟ್ ಹುಡುಕಬೇಕು, ಹಾಕುವಾಗ ಒಂದು ದಿನ ಗಿರಣಿ ಮುಚ್ಚಬೇಕು ಎಂದ. ಮೆಣಸಿನಕಾಯಿ ಬೀಸಿಸುವ ಈ ಕಾಲದಲ್ಲಿ ಮುಚ್ಚುವುದೆಂದರೆ! ಮೇ ಕಳೆಯಲಿ ಎಂದೆ.

12 ಏಪ್ರಿಲ್, ಶುಕ್ರವಾರ

ಉಪಾಯ ಸಿಕ್ಕಿತು. ಡಬ್ಬಗಳಿಗೆ ಕೊಡುವ ನಂಬರಿನ ಬಿಲ್ಲೆಗಳು, ಯಜಮಾನರು ಹಲಸಿನ ಹಲಗೆಯಲ್ಲಿ ಕೊಯ್ದವು. ಅದರಲ್ಲಿ ಇಪ್ಪತ್ತೇಳನೆಯದನ್ನು ತೆಗೆದುಕೊಂಡು ಅಂಚು ಸವರಿದೆ. ಹಸಿರು ಗುಂಡಿ ಒತ್ತಿ, ಗುಂಡಿಗೂ ಅದರ ಸುತ್ತಲಿನ ಬಳೆಗೂ ನಡುವೆ ಸಿಕ್ಕಿಸಿದೆ. ನಿಂತಿತು. ಯಾರೂ ಬೆರಳಿಡಬೇಕಾಗಿಲ್ಲ. ಕೆಂಪು ಗುಂಡಿ ಒತ್ತಿ ಬಿಟ್ಟರೆ ಮತ್ತೆ ಓಡುತ್ತದೆ, ಅದೊಂದು. ನಿಲ್ಲಿಸಬೇಕಾದರೆ ಬಿಲ್ಲೆ ಕೀಳಬೇಕು.

ಹಾಲಿನ ಸಾಬಮ್ಮ ರಾಗಿಗೆ ಬಂದಿದ್ದಳು. ‘ಇಂಜಿನಿಯರ್ ಆಗ್ಬೇಕಿತ್ತು ಕಣಮ್ಮಿ ಗಂಗಮ್ಮ ನೀನು’ ಎಂದಳು. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಈಗ ಬಂದ ತಕ್ಷಣ ಮಿಷನ್ ತಾನಾಗಿ ಹೊರಡುತ್ತದೆ. ಒಳ್ಳೆಯದೇ ಆಯಿತು.

19 ಏಪ್ರಿಲ್, ಶುಕ್ರವಾರ

ನಯಾಜ್ ಪಾರ್ಟ್ ಹಿಡಿದುಕೊಂಡು ಬಂದ. ಬಿಲ್ಲೆ ನೋಡಿದವನೇ ಕಿತ್ತು ನನ್ನ ಅಂಗೈಗೆ ಇಟ್ಟ. ಹನ್ನೆರಡು ಜನ ಗಿರಾಕಿಗಳ ಎದುರು.

‘ಇದು ಬೇಡ ಅಮ್ಮಾ. ಕರೆಂಟ್ ಬಂದ್ರೆ ಹೇಳದೆ ಕೇಳದೆ ತಿರುಗುತ್ತೆ. ಯಾರ್ದಾದ್ರೂ ಕೈ ಹೋಗುತ್ತೆ. ಇವತ್ತೇ ಮುಚ್ಚಿ, ಹಾಕ್ಬಿಡ್ತೀನಿ.’

‘ಗಿರಣಿ ನಿಂದಾ, ನಂದಾ?’

‘ನಿಮ್ದೇ ಅಮ್ಮಾ. ಕೈನೂ ನಿಮ್ಮೋರ್ದೇ.’

ಎಷ್ಟು ಮಾತು! ಗಿರಾಕಿಗಳಲ್ಲಿ ಯಾರೋ ನಕ್ಕರು. ಮೇ ಕಳೆಯುವವರೆಗೆ ಈ ಕಡೆ ತಲೆ ಹಾಕಬೇಡ ಎಂದೆ. ಪಾರ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು ಹೋದ. ಅವನು ತಿರುವು ದಾಟಿದ ಮೇಲೆ ಬಿಲ್ಲೆಯನ್ನು ಮತ್ತೆ ಸಿಕ್ಕಿಸಿದೆ.

12 ಮೇ, ಭಾನುವಾರ

ದಿವ್ಯ ಆಸ್ಪತ್ರೆಯಿಂದ ಮನೆಗೆ ಬಂದಳು. ಬಲಗೈ. ತೋರುಬೆರಳು, ನಡುಬೆರಳು, ಉಂಗುರಬೆರಳು ಇಲ್ಲ.

ಏಪ್ರಿಲ್ 29, ಬೆಳಿಗ್ಗೆ ಒಂಬತ್ತೂವರೆ. ಕರೆಂಟು ಹೋಗಿತ್ತು. ಬೆಲ್ಟ್ ಜಾರಿತ್ತು, ಏರಿಸುತ್ತಿದ್ದಳು. ಕರೆಂಟು ಬಂತು. ಅಷ್ಟೇ.

‘ಅದು ಹೇಗಮ್ಮಾ ತಾನಾಗೇ ತಿರುಗ್ತು?’ ಎಂದು ಮಗ ಕೇಳಿದ. ಮುನೀಂದ್ರ ಬೆಳಿಗ್ಗೆ ಏಳಕ್ಕೆ ಫ್ಯಾಕ್ಟರಿ ಬಸ್ಸು ಹತ್ತುವವನು. ಗಿರಣಿಯ ಒಳಗು ಹೊರಗು ಅವನಿಗೆ ಗೊತ್ತಿಲ್ಲ.

‘ನಯಾಜ್ ಬಿಚ್ಚಿದ್ದ ಸ್ಟಾರ್ಟರ್. ಅವನನ್ನೇ ಕೇಳು’ ಎಂದೆ.

ದಿವ್ಯ ಪಕ್ಕದಲ್ಲೇ ಮಲಗಿದ್ದಳು. ಕಣ್ಣು ತೆರೆದೇ ಇತ್ತು.

20 ಮೇ, ಸೋಮವಾರ

ವಿದ್ಯುತ್ ಇಲಾಖೆಯಿಂದ ಇನ್‌ಸ್ಪೆಕ್ಟರ್ ಬಂದಿದ್ದರು. ಸಂಜೀವಪ್ಪ ಎಂದು. ನಯಾಜ್‌ನನ್ನೂ ಕರೆಸಿದ್ದರು. ಚೆನ್ನಾಗಿ ಬೈದರು. ಅವನು ಒಂದೇ ಮಾತು ಹೇಳಿದ.

‘ಅಮ್ಮನ್ನೇ ಕೇಳಿ ಸಾರ್.’

ಕೇಳಿದರು. ‘ಏಪ್ರಿಲ್‌ನಲ್ಲಿ ಇವನೇ ಬಿಚ್ಚಿದ್ದ. ಒಳಗೆ ಏನೋ ವೈರ್ ಸೇರಿಸಿದ’ ಎಂದೆ. ಯಜಮಾನರ ಫೋಟೋ ಕೆಳಗೆ ಕೂತಿದ್ದೆ.

ನಯಾಜ್ ನನ್ನನ್ನೇ ನೋಡಿದ. ಜೇಬಿನಿಂದ ತನ್ನ ವೈರ್‌ಮನ್ ಪರ್ಮಿಟ್ ತೆಗೆದು ಅವರ ಕೈಗೆ ಕೊಟ್ಟ. ಕೊನೆಯ ರಿಪೋರ್ಟ್ ಆಗುವವರೆಗೆ ಅವನು ವೈರ್ ಮುಟ್ಟುವ ಹಾಗಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ‘ಬರ್ತೀನಿ ಅಮ್ಮಾ’ ಎಂದ. ಎಂದಿನ ಹಾಗೆ.

3 ಜೂನ್, ಸೋಮವಾರ

ಗಿರಣಿ ಮತ್ತೆ ಶುರು. ಹೊಸ ಸ್ಟಾರ್ಟರ್, ಬೇರೆ ಎಲೆಕ್ಟ್ರಿಷಿಯನ್. ಹಳೆಯದನ್ನು ಸಂಜೀವಪ್ಪನವರು ಗೋಣಿಯಲ್ಲಿ ಕಟ್ಟಿ ಸೀಲ್ ಮಾಡಿಕೊಂಡು ಹೋಗಿದ್ದಾರೆ.

ಬೇಡವೆಂದರೂ ದಿವ್ಯ ಬಂದು ಕೂತಳು. ಎಡಗೈಯಲ್ಲಿ ಬಿಲ್ಲೆ ಕೊಡುತ್ತಾಳೆ. ನಂಬರು ಕೂಗುತ್ತಾಳೆ. ಇಂದು ಅವಳ ಪರೀಕ್ಷೆ ಇತ್ತಂತೆ. ಮುನೀಂದ್ರ ಹೇಳಿದ, ಅವಳು ಹೇಳಲಿಲ್ಲ.

ಹನ್ನೊಂದರ ಹೊತ್ತಿಗೆ, ಗಿರಾಕಿಗಳ ಎದುರಿಗೇ, ಬಿಲ್ಲೆ ತೂಗುಹಾಕುವ ಗೋಡೆಯ ಮೊಳೆಗಳನ್ನು ನೋಡುತ್ತಾ ಕೇಳಿದಳು:

‘ಇಪ್ಪತ್ತೇಳು ಎಲ್ಲಿ ಅತ್ತೆ?’

‘ಕಳೆದುಹೋಯ್ತು.’

‘ಓ.’

ಅದು ನನ್ನ ಟ್ರಂಕಿನಲ್ಲಿದೆ. ಧಾರೆ ಸೀರೆಯ ಮಡಿಕೆಯಲ್ಲಿ. ಆ ದಿನ ಮೋಟಾರ್ ನಿಲ್ಲಿಸಲು ಕಿತ್ತದ್ದು, ಅದು ಸರಿ. ಕಿತ್ತ ಮೇಲೆ, ಅವಳು ಕೂಗುತ್ತಿರುವಾಗ, ಸೊಂಟಕ್ಕೆ ಸಿಕ್ಕಿಸಿಕೊಂಡದ್ದು...

18 ಜೂನ್, ಮಂಗಳವಾರ

ನಯಾಜ್‌ನ ಹೆಂಡತಿ ಹಮೀದಾ ಬಂದಿದ್ದಳು. ಗೋಧಿ ತಂದಿದ್ದಾಳೆ ಎಂದುಕೊಂಡೆ. ಪೇಪರಿನ ಪೊಟ್ಟಣ ಮೇಜಿನ ಮೇಲಿಟ್ಟಳು.

‘ನಿಮ್ ಸ್ಟಾರ್ಟರ್‌ಗೆ ತಂದಿದ್ದ ಪಾರ್ಟ್. ನಮ್ ಮನೇಲಿ ಇಟ್ಕೊಂಡು ಏನ್ ಮಾಡ್ಲಿ?’

‘ಅವನೆಲ್ಲಿ?’

‘ಕೆ.ಆರ್. ಪುರಂನಲ್ಲಿ. ಲಾರಿಗೆ ಇಟ್ಟಿಗೆ ತುಂಬ್ತಾರೆ.’ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು. ‘ಅಮ್ಮ ನಿಜ ಹೇಳ್ತಾರೆ, ಸ್ವಲ್ಪ ಟೈಮ್ ಬೇಕು ಅವ್ರಿಗೆ ಅಂತಾರೆ ನಮ್ಮೋರು. ನಾನ್ ಹಂಗೆ ಅನ್ಕೊಂಡಿಲ್ಲ.’

ನೀರು ಬೇಕೇ ಎಂದು ಕೇಳಿದೆ. ಬೇಡ ಎಂದಳು. ಇಪ್ಪತ್ತು ವರ್ಷದಲ್ಲಿ ಈ ಮನೆಯ ನೀರು ಬೇಡವೆಂದವಳು ಅವಳೊಬ್ಬಳೇ.

4 ಜುಲೈ, ಗುರುವಾರ. ಸಂಜೆ 5

ಸಂಜೀವಪ್ಪ ಮತ್ತೆ ಬಂದರು. ಹಳೆಯ ಸ್ಟಾರ್ಟರನ್ನು ಲ್ಯಾಬಿನಲ್ಲಿ ಬಿಚ್ಚಿ ನೋಡಿದ್ದಾರೆ.

‘ನಾಲ್ಕನೇ ಕಾಂಟ್ಯಾಕ್ಟ್ ಸುಟ್ಟಿದೆ. ಎಕ್ಸ್‌ಟ್ರಾ ವೈರ್ ಎಲ್ಲೂ ಇಲ್ಲ. ಹಸಿರು ಗುಂಡಿಯನ್ನ ಏನೋ ಹಿಡ್ಕೊಂಡಿರ್ಬೇಕಮ್ಮಾ. ಇಲ್ದಿದ್ರೆ ಇದು ತಾನಾಗಿ ಎಳ್ಕೊಳ್ಳಲ್ಲ.’

ಗೊತ್ತು. ಅವರಿಗಿಂತ ಚೆನ್ನಾಗಿ ಗೊತ್ತು. ಸುರುಳಿ, ಕಬ್ಬಿಣದ ತುಂಡು, ಮೂರು ದೊಡ್ಡದು, ಒಂದು ಚಿಕ್ಕದು. ಬಾಯಿಪಾಠವಾಗಿದೆ. ‘ನನಗೆ ಅದೆಲ್ಲ ಏನು ತಿಳಿಯುತ್ತೆ ಸಾರ್, ಹೆಂಗಸು’ ಎಂದೆ. ಐವತ್ತೆಂಟು ವರ್ಷದಲ್ಲಿ ಆ ಮಾತು ಆಡಿದ್ದು ಇವತ್ತೇ.

ದಿವ್ಯಳ ಕಡೆ ತಿರುಗಿದರು. ‘ನೀನು ಅಲ್ಲೇ ಇದ್ದೆಯಲ್ಲಮ್ಮ. ಗುಂಡಿ ಮೇಲೆ ಏನಿತ್ತು?’

ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಹೇಳಿದಳು.

‘ಅತ್ತೇನ ಕೇಳಿ ಸಾರ್.’

ನಯಾಜ್ ಆಡಿದ್ದ ಅದೇ ಮಾತು. ಇಬ್ಬರೂ ಕೂಡಿ ಮಾತಾಡಿಕೊಂಡವರಲ್ಲ.

ಸಂಜೀವಪ್ಪ ಏಳುವಾಗ ಹೇಳಿದರು: ‘ಸೋಮವಾರ ಹನ್ನೊಂದಕ್ಕೆ ಬರ್ತೀನಿ. ನಯಾಜೇ ವೈರ್ ಸೇರಿಸಿದ್ದ, ಆಮೇಲೆ ಕಿತ್ತ ಅಂತ ಬರೆದು ಸೈನ್ ಹಾಕಿದ್ರೆ ಅವನ ಪರ್ಮಿಟ್ ಪೂರ್ತಿ ರದ್ದು. ಅಲ್ಲ ಅಂದ್ರೆ ಗುಂಡಿ ಹಿಡಿದಿದ್ದು ಏನು ಅಂತ ಬರೀರಿ. ಒಂದು ಹಾಳೆ ಸಾಕು.’

6 ಜುಲೈ, ಶನಿವಾರ

ಬರೆಯಲಿಲ್ಲ. ದಿವ್ಯ ಮಗ್ಗಿ ಪುಸ್ತಕ ನೋಡಿಕೊಂಡು ಎಡಗೈಯಲ್ಲಿ ಅಂಕಿ ತಿದ್ದುತ್ತಿದ್ದಾಳೆ. ಒಂದರಿಂದ ನೂರು. ಅಕ್ಷರ ಮಗುವಿನದರ ಹಾಗಿದೆ. ಹಾಳೆಯನ್ನು ನನಗೆ ಕಾಣುವ ಹಾಗೆ ಇಡುವುದಿಲ್ಲ, ಮುಚ್ಚಿಡುವುದೂ ಇಲ್ಲ.

8 ಜುಲೈ, ಸೋಮವಾರ. ಬೆಳಿಗ್ಗೆ 10-40

ಒಂದು ಹಾಳೆ ಬರೆದಾಯಿತು. ನಯಾಜ್ ಸೇರಿಸಿದ, ನಯಾಜ್ ಕಿತ್ತ. ಸರಾಗವಾಗಿ ಬಂತು. ಒಂದು ಅಕ್ಷರ ತಪ್ಪಿಲ್ಲ. ಸೈನ್ ಹಾಕಿಲ್ಲ. ಹರಿದೂ ಇಲ್ಲ. ಬೇಕಾಗಬಹುದು. ಸುಳ್ಳು ಹೇಳಿದವಳೆಂದು ಹಲಸೂರಿಗೆಲ್ಲ ತಿಳಿದ ಮೇಲೆ ಆ ಬಾಗಿಲಲ್ಲಿ ಕೂರುವುದು ಹೇಗೆ?

ಇಲ್ಲಿಯೂ ಬರೆಯದೆ ಬಿಟ್ಟದ್ದೊಂದಿದೆ. ಆ ದಿನ ಬೆಲ್ಟಿನ ಹತ್ತಿರ ಹೋಗುವ ಮುಂಚೆ ಅವಳು ಕೇಳಿದ್ದಳು.

‘ಮೇನ್ ಇಳಿಸ್ಲಾ ಅತ್ತೆ?’

ಮೇನ್ ಸ್ವಿಚ್ ಇಳಿಸದೆ ಬೆಲ್ಟ್ ಮುಟ್ಟಬಾರದು. ಯಜಮಾನರ ಕಟ್ಟಳೆ. ಅವಳಿಗೆ ಅದನ್ನು ಕಲಿಸಿದವಳೂ ನಾನೇ.

‘ಕರೆಂಟೇ ಇಲ್ಲ, ಏನ್ ಇಳಿಸ್ತೀಯ? ಕ್ಲಾಸಿಗೆ ಓಡೋ ಆತುರ ಇದ್ರೆ ಬೇಗ ಹಾಕು’ ಎಂದಿದ್ದೆ. ಬಿಲ್ಲೆ ನನ್ನ ಕಣ್ಣೆದುರಿಗೇ ಇತ್ತು.

ಆಸ್ಪತ್ರೆಯಲ್ಲೂ ಗಂಡನಿಗೆ ಹೇಳಿಲ್ಲ ಅವಳು. ಹೇಳಿದ್ದರೆ ಒಳ್ಳೆಯದಿತ್ತು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ.

ಟ್ರಂಕಿನಿಂದ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಸವರಿದ ಅಂಚಿಗೆ ಹಸಿರು ಬಣ್ಣ ಹತ್ತಿದೆ.

ಹೊರಗೆ ಸ್ಕೂಟರ್ ನಿಂತಿತು. ದಿವ್ಯ ನಂಬರು ಕೂಗುತ್ತಿದ್ದಾಳೆ. ಇಪ್ಪತ್ತೈದು. ಇಪ್ಪತ್ತಾರು. ಅಲ್ಲಿ ಒಂದು ಉಸಿರಿನಷ್ಟು ನಿಲ್ಲುತ್ತಾಳೆ, ದಿನವೂ. ಆಮೇಲೆ ಇಪ್ಪತ್ತೆಂಟು.

ಎರಡನೆಯ ಹಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಮಾನ್ಯರೇ, ದಿನಾಂಕ 29-4-96ರಂದು ಹಸಿರು ಗುಂಡಿಯನ್ನು ಹಿಡಿದಿದ್ದದ್ದು ನಮ್ಮ ಗಿರಣಿಯ ಇಪ್ಪತ್ತೇಳನೇ ನಂಬರಿನ ಬಿಲ್ಲೆ. ಅದನ್ನು ಅಲ್ಲಿ ಸಿಕ್ಕಿಸಿದ್ದು ನಯಾಜ್ ಅಲ್ಲ. ಅದನ್ನು ಸಿಕ್ಕಿಸಿದವಳು