ಚನ್ನವೀರಪ್ಪನವರ ಕಂಪ್ಯೂಟರು ಗುರುತು ಕೇಳುವುದನ್ನು ಬಿಟ್ಟ ಬಗ್ಗೆ

ಗದಗ,
ಇಸವಿ ೨೨೩೧, ಮಾಗಿಯ ಎರಡನೆಯ ನಿಲುಗಾಳಿ

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ ಇಳಾ ಮಾಡುವ ಶರಣು ಶರಣಾರ್ಥಿ.

ತಾರೀಖು ನೋಡಿ ಕಾಗದವನ್ನು ಮಡಿಸಿ ಇಟ್ಟುಬಿಡಬೇಡಿ. ನಾನು ನಿಮ್ಮ ಮಗಳ ಕಡೆಯಿಂದ ಏಳನೆಯ ತಲೆಮಾರಿನವಳು. ನಿಮಗಿನ್ನೂ ಮೊಮ್ಮಕ್ಕಳೇ ಇಲ್ಲ, ಅಜ್ಜಿ ಎಂದು ಕರೆಯುವುದು ಅವಸರವಾಯಿತು. ಆದರೆ ಬೇರೆ ಯಾವ ಪದವೂ ಬಾಯಿಗೆ ಬರಲಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಗಳನ್ನು ಕೇಳಿ ಕೇಳಿ ಕಲಿತವಳು. ಎಲ್ಲಾದರೂ ತೊಡರಿದರೆ, ಎಲ್ಲಾದರೂ ನೀವು ಕೇಳರಿಯದ ಮಾತು ನುಸುಳಿದರೆ, ಮನ್ನಿಸಿ. ನಿಲುಗಾಳಿ ಎಂದರೆ ನಿಮ್ಮ ಭಾನುವಾರ. ಕಪ್ಪತಗುಡ್ಡದ ಮೇಲೆ ನಿಮ್ಮ ಕಾಲದಲ್ಲೇ ನಿಂತಿದ್ದ ಗಾಳಿಯಂತ್ರಗಳ ಮೊಮ್ಮಕ್ಕಳು ಈಗ ಗುಡ್ಡದ ತುಂಬ ಇವೆ. ವಾರಕ್ಕೊಮ್ಮೆ ಅವುಗಳ ರೆಕ್ಕೆ ನಿಲ್ಲಿಸಿ ಎಣ್ಣೆ ಹಾಕುತ್ತಾರೆ. ಆ ದಿನ ಊರು ಎಷ್ಟು ಸುಮ್ಮನಿರುತ್ತದೆಂದರೆ ಮೂರು ಓಣಿ ಆಚೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಕಾಗದ ಬರೆಯುವುದಕ್ಕೆ ಅದೇ ಒಳ್ಳೆಯ ದಿನ.

ನಮ್ಮ ಮನೆಗಳಿಗೆ ಕೀಲಿ ಇಲ್ಲ. ಅವುಗಳಿಗೆ ಇರುವುದು ಹೆಜ್ಜೆಬೀಗ. ನೆಲವೇ ನಮ್ಮ ನಡಿಗೆಯನ್ನು ಗುರುತು ಹಿಡಿಯುತ್ತದೆ. ಯಾರ ಹಿಮ್ಮಡಿ ಹೇಗೆ ಊರುತ್ತದೆ, ಯಾರು ಬಲಗಾಲನ್ನು ಸ್ವಲ್ಪ ಎಳೆಯುತ್ತಾರೆ ಎಂಬುದೆಲ್ಲ ಅದಕ್ಕೆ ಗೊತ್ತು. ಹಿತ್ತಲಿಗೆ ಹೋದರೆ ನೀರು ಬರುತ್ತದೆ, ಒಲೆಯ ಮುಂದೆ ನಿಂತರೆ ಒಲೆ ಹೊತ್ತುತ್ತದೆ, ಕೈಯಲ್ಲಿ ಏನೂ ಹಿಡಿಯಬೇಕಿಲ್ಲ, ಏನೂ ನೆನಪಿಡಬೇಕಿಲ್ಲ. ಇದು ನಮಗೆಲ್ಲ ದೊಡ್ಡ ಸುಖ ಎನಿಸಿತ್ತು. ಕಳೆದ ಮಳೆಗಾಲದಲ್ಲಿ ನನ್ನ ಅಪ್ಪ ಸಂಗಣ್ಣನವರಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರ ಎಡಗಾಲು ಅವರ ಮಾತು ಕೇಳುತ್ತಿರಲಿಲ್ಲ. ನಡಿಗೆ ಬದಲಾಗಿತ್ತು. ಅವರೇ ಕಟ್ಟಿಸಿದ ಮನೆ ಅವರನ್ನು ಯಾರೋ ಪರಕೀಯರೆಂದು ತಿಳಿಯಿತು. ಬಾಗಿಲು ತೆರೆಯಲಿಲ್ಲ. ನಾವು ಒಳಗೆ ಕರೆದುಕೊಂಡು ಹೋದರೂ ಒಲೆ ಹೊತ್ತಲಿಲ್ಲ. ಅಪ್ಪ ಒಲೆಯ ಮುಂದೆ ನಿಂತು, ತಪ್ಪು ಮಾಡಿದವರ ಹಾಗೆ ನನ್ನ ಮುಖ ನೋಡಿದರು. ಆಗ ನನಗೆ ನಿಮ್ಮ ನೆನಪಾಯಿತು.

ನಿಮ್ಮ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ನಮ್ಮವರೆಗೆ ತಂದವರು ನಿಮ್ಮ ಮೈದುನ ಶಿವಯೋಗಪ್ಪನವರು. ಕಾಲೇಜಿನಲ್ಲಿ ಕಂಪ್ಯೂಟರು ಕಲಿಸುತ್ತಿದ್ದ ಅವರು ಪ್ರತಿ ವರ್ಷ ಮೊದಲ ಪಾಠದ ದಿನ ಇದನ್ನೇ ಹೇಳುತ್ತಿದ್ದರಂತೆ. ನಡೆದದ್ದು ನಿಮಗೇ ಚೆನ್ನಾಗಿ ಗೊತ್ತು. ಆದರೂ ನಮಗೆ ತಲುಪಿದ ಹಾಗೆ ಒಮ್ಮೆ ಹೇಳುತ್ತೇನೆ, ತಪ್ಪಿದ್ದಲ್ಲಿ ನೀವೇ ಮನಸ್ಸಿನಲ್ಲಿ ತಿದ್ದಿಕೊಳ್ಳಿ.

ನಿಮ್ಮ ಯಜಮಾನರು ಚನ್ನವೀರಪ್ಪನವರು ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುವವರು. ಊರಿನ ಅರ್ಧ ಜನಕ್ಕೆ ಅವರ ಮುಖ ಗೊತ್ತಿರಲಿಲ್ಲ, ಧ್ವನಿ ಎಲ್ಲರಿಗೂ ಗೊತ್ತಿತ್ತು. ನೀವು ಬಸ್ ಕಂಡಕ್ಟರ್. ಬೆಳಿಗ್ಗೆ ಟಿಕೆಟ್ ಚೀಲ ಹೆಗಲಿಗೆ ಹಾಕಿಕೊಂಡು ಹೋದರೆ ಬರುವುದು ಸಂಜೆ. ಮಗಳು ಹಾಸನದಲ್ಲಿ ಓದುತ್ತಿದ್ದಳು. ಅಂಥ ದಿನಗಳಲ್ಲಿ ಒಂದು ಮುಂಜಾನೆ ಚಹಾದ ಕಪ್ಪು ಅವರ ಕೈಯಿಂದ ಜಾರಿತು. ಬಲಗೈ ಸ್ವಾಧೀನ ತಪ್ಪಿತು, ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಗಂಟಲು ಸರಿಯಾಗಿತ್ತು, ಬುದ್ಧಿ ಸರಿಯಾಗಿತ್ತು, ಹೇಳಬೇಕಾದದ್ದೂ ಇತ್ತು, ಪದ ಮಾತ್ರ ಸಿಗುತ್ತಿರಲಿಲ್ಲ. ನೀರು ಎನ್ನಲು ಹೋಗಿ ಮತ್ತೇನೋ ಅಂದು, ಅದು ತಪ್ಪೆಂದು ಅವರಿಗೇ ತಿಳಿದು, ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಕಂಪ್ಯೂಟರಿಗೆ ಒಂದು ಅಭ್ಯಾಸ ಹಾಕಿಕೊಟ್ಟರು. ಚಿತ್ರ ಬರುತ್ತದೆ, ಪದ ಕೇಳಿಸುತ್ತದೆ, ಕೇಳಿದ್ದನ್ನು ಹಾಗೆಯೇ ಮತ್ತೆ ಹೇಳಬೇಕು. "ಇದನ್ನ ದಿನದಾಗ ಒಂದ್ಸಲ ಮಾಡಿದ್ರ ಸಾಲೂದಿಲ್ರಿ. ನೆನಪಾದಾಗೆಲ್ಲ ಮಾಡಬೇಕು. ಈ ಮೊದಲನೇ ತಿಂಗಳುಗಳು ಹೋದ್ವು ಅಂದ್ರ ಆಮ್ಯಾಲ ಭಾಳ ಕಷ್ಟ ಐತಿ" ಎಂದು ಅವರು ನಿಮಗೆ ಸ್ಪಷ್ಟವಾಗಿಯೇ ಹೇಳಿದರು.

ಆದರೆ ಕಂಪ್ಯೂಟರು ಶುರುವಾದ ಕೂಡಲೇ ಪಾಸ್‌ವರ್ಡ್ ಕೇಳುತ್ತಿತ್ತು. ನಮ್ಮ ಮಕ್ಕಳಿಗೆ ಈ ಪದದ ಅರ್ಥ ಹೇಳುವಾಗ, ಯಂತ್ರ ಮತ್ತು ಮನುಷ್ಯ ಇಬ್ಬರಿಗೇ ಗೊತ್ತಿರುವ ಒಂದು ಗುಟ್ಟಿನ ಮಾತು ಎನ್ನುತ್ತೇನೆ. ಚನ್ನವೀರಪ್ಪನವರು ಎಂದೋ ಇಟ್ಟ ಗುಟ್ಟಿನ ಮಾತು ನಿಮ್ಮ ಹೆಸರು. ನೀವು ಕೆಲಸಕ್ಕೆ ಹೋದ ಮೇಲೆ ಅವರು ಎಡಗೈಯಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ಯಂತ್ರ ತಪ್ಪು ಎನ್ನುತ್ತಿತ್ತು. ಮತ್ತೆ ಒತ್ತುತ್ತಿದ್ದರು, ಮತ್ತೆ ತಪ್ಪು. ಮೂವತ್ತು ವರ್ಷ ಕರೆದ ಹೆಸರು ಅದು. ಸಂಜೆ ನೀವು ಬಂದಾಗ ಅವರು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ನೀವು ಪಾಸ್‌ವರ್ಡನ್ನು ಚಿಕ್ಕದು ಮಾಡಿದಿರಿ, ಅಂಕಿ ಮಾಡಿದಿರಿ. ಅಂಕಿಗಳೂ ಅವರ ಕೈಗೆ ಸಿಗಲಿಲ್ಲ. ಕೀಬೋರ್ಡಿನ ಮೇಲೆ ಬಣ್ಣದ ಚೀಟಿ ಅಂಟಿಸಿದಿರಿ. ಚೀಟಿಗಳನ್ನು ಅವರು ಕಿತ್ತು ಹಾಕಿದರು. ಅಂದು ನಿಮಗೂ ಸಿಟ್ಟು ಬಂದು ಊಟ ಬಿಟ್ಟಿರಂತೆ.

ಮರುದಿನ ಶಿವಯೋಗಪ್ಪನವರನ್ನು ಕರೆಸಿ ನೀವು ಕೇಳಿದ್ದು ಒಂದೇ ಮಾತು. "ಇದು ಕೇಳೂದನ್ನ ಬಿಡಸಾಕ ಬರತೈತೇನು?"

"ಬರತೈತಿ ವೈನಿ. ಆದರ ಬ್ಯಾಡ. ಮನಿ ಬಾಗಲಾ ತಗದಿಟ್ಟು ಸಂತಿಗೆ ಹೋದಂಗಾಗತೈತಿ. ಬ್ಯಾಂಕಿಂದು, ಪೆನ್ಶನ್ದು, ಮಗಳ ಫೋಟೋ, ಎಲ್ಲಾ ಇದರಾಗ ಅದಾವು. ಯಾರರೆ ಬಂದು ಕುಂತ್ರ?"

"ಯಾರೋ ಬರ್ತಾರಂತ ಕೀಲಿ ಹಾಕೀವಿ. ಖರೆ. ಆದರ ಈಗ ಹೊರಗ ನಿಂತಾವ್ರು ಯಾರು, ನೋಡು. ನಿಮ್ಮಣ್ಣ."

ಶಿವಯೋಗಪ್ಪನವರ ಭಯ ಸುಳ್ಳಲ್ಲ, ಅದು ನಿಮಗೂ ಗೊತ್ತಿತ್ತು. ಅವರನ್ನು ಸೋಲಿಸಲು ನೀವು ವಾದ ಮುಂದುವರಿಸಲಿಲ್ಲ. ಚಹಾ ಮಾಡಿ ತಂದು, "ನಿನ್ನ ಹೆದರಿಕಿನೂ ಇರಲಿ, ಅವರ ಕೆಲಸಾನೂ ಆಗಲಿ. ಏನರೆ ಹಾದಿ ಹುಡುಕು" ಎಂದಿರಿ. ಹಾದಿಯನ್ನು ಹುಡುಕಿದವರು ಅವರೇ. ಅದೇ ಕಂಪ್ಯೂಟರಿನಲ್ಲಿ ಅಣ್ಣನಿಗೆ ಬೇರೆ ಒಂದು ಖಾತೆ ಮಾಡಿದರು. ಒಂದೇ ಮನೆಯಲ್ಲಿ ಇನ್ನೊಂದು ಕೋಣೆ ಕಟ್ಟಿದ ಹಾಗೆ. ಬ್ಯಾಂಕಿನದು, ಕಾಗದಪತ್ರದ್ದು ಎಲ್ಲ ನಿಮ್ಮ ಖಾತೆಯಲ್ಲಿ ಬೀಗದೊಳಗೇ ಉಳಿಯಿತು. ಅಣ್ಣನ ಖಾತೆಗೆ ಅಭ್ಯಾಸದ ಪಾಠ, ಹಾಡುಗಳು, ಒಂದಷ್ಟು ಫೋಟೋ ಹಾಕಿದರು. ಚನ್ನವೀರಪ್ಪನವರು ಮನೆಯಲ್ಲಿ ಮೈಕು ಇಟ್ಟುಕೊಂಡು ಓದಿ ನೋಡುತ್ತಿದ್ದ ಹಳೆಯ ಪ್ರಕಟಣೆಗಳ ಧ್ವನಿಮುದ್ರಣದ ಒಂದು ಕಟ್ಟು ಯಂತ್ರದಲ್ಲೇ ಸಿಕ್ಕಿತು. "ಇವೂ ಅಣ್ಣಂದ, ಇರಲಿ" ಎಂದು ಅದನ್ನೂ ಅಲ್ಲೇ ಬಿಟ್ಟರು.

ಆಮೇಲೆ ಒಂದು ಪುಟ ತೆರೆದರು. ಬಳಕೆದಾರರು ಹೆಸರು ಮತ್ತು ಪಾಸ್‌ವರ್ಡ್ ಕೊಡಲೇಬೇಕು ಎಂಬ ಸಾಲು, ಅದರ ಪಕ್ಕದಲ್ಲಿ ಸಣ್ಣ ಚೌಕ, ಚೌಕದಲ್ಲಿ ಟಿಕ್ ಗುರುತು. ಆ ಟಿಕ್ ತೆಗೆದು ಮುಗಿಸುವಾಗ ಯಂತ್ರ ಆ ಹೊಸ ಖಾತೆಯ ಪಾಸ್‌ವರ್ಡ್ ಕೇಳಿತು. ಒಮ್ಮೆ ಕೊಟ್ಟರೆ ಇನ್ನೊಮ್ಮೆ ಕೇಳಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನಿಮಗೆ ನಗು ಬಂತು. "ಇನ್ನ ಮ್ಯಾಲ ಕೇಳಬ್ಯಾಡ ಅಂತ ಹೇಳಾಕೂ ಅದಕ್ಕ ಗುಟ್ಟು ಹೇಳೇ ಹೇಳಬೇಕೇನು?" ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಯಾರೋ ನಕ್ಕದ್ದು ಅಂದೇ ಎಂದು ಶಿವಯೋಗಪ್ಪನವರು ಹೇಳುತ್ತಿದ್ದರು.

ಮರುದಿನ ನೀವು ಬಸ್ಸಿಗೆ ಹೋದಿರಿ. ಚನ್ನವೀರಪ್ಪನವರು ಗುಂಡಿ ಒತ್ತಿದರು, ಯಂತ್ರ ಏನೂ ಕೇಳದೆ ನೇರವಾಗಿ ತೆರೆದುಕೊಂಡಿತು. ಅವರು ಬಹಳ ಹೊತ್ತು ಅಭ್ಯಾಸ ಮಾಡಿದರು. ದಣಿವಾಗಿ ಕುರ್ಚಿಯಲ್ಲೇ ಒರಗಿ ಕಣ್ಣು ಮುಚ್ಚಿದರು. ಅವರು ಮಲಗಿದ್ದನ್ನು ನೋಡಿ ಯಂತ್ರವೂ ಮಲಗಿತು. ಎದ್ದು ಮುಟ್ಟಿದರೆ ಎದುರಿಗೆ ಮತ್ತೆ ಅದೇ ಬೀಗ, ಅದೇ ಪ್ರಶ್ನೆ. ಸಂಜೆ ನೀವು ಬಂದಾಗ ಕೀಬೋರ್ಡು ನೆಲದ ಮೇಲೆ ಬಿದ್ದಿತ್ತು, ಅವರು ಎಡಗೈಯನ್ನು ಹಣೆಗೆ ಒತ್ತಿಕೊಂಡು ಕುಳಿತಿದ್ದರು. ಶುರುವಾಗುವಾಗ ಕೇಳುವುದು ಬೇರೆ, ನಿದ್ದೆಯಿಂದ ಎದ್ದಾಗ ಕೇಳುವುದು ಬೇರೆ ಎಂಬುದು ಆತುರದಲ್ಲಿ ಶಿವಯೋಗಪ್ಪನವರಿಗೂ ಹೊಳೆದಿರಲಿಲ್ಲ. ನೀವು ಅವರನ್ನು ದೂರಲಿಲ್ಲ. ಸಮವಸ್ತ್ರವನ್ನೂ ಬದಲಿಸದೆ ಫೋನು ಕಿವಿಗೆ ಹಿಡಿದು, ಅವರು ಹೇಳಿದಂತೆ ಒಂದೊಂದೇ ಪುಟ ತೆರೆಯುತ್ತ ಹೋಗಿ, ಎಚ್ಚರವಾದಾಗ ಕೇಳುವುದನ್ನೂ ತೆಗೆದಿರಿ. ಮತ್ತೆ ಯಂತ್ರವನ್ನು ಮಲಗಿಸಿ ಎಬ್ಬಿಸಿ, ಮಲಗಿಸಿ ಎಬ್ಬಿಸಿ ನೋಡಿದಿರಿ. ಆಮೇಲೆ ಕೀಬೋರ್ಡು ಒರೆಸಿ ಅವರ ಮುಂದೆ ಇಟ್ಟು, "ಇನ್ನ ಕೇಳೂದಿಲ್ಲ. ಈಗ ಖರೇನ ಕೇಳೂದಿಲ್ಲ" ಎಂದಿರಿ.

ಅವರು ನಿಮ್ಮನ್ನು ನಂಬಿದರು. ನನಗೆ ಈ ಕಥೆಯಲ್ಲಿ ಬಹಳ ದೊಡ್ಡದಾಗಿ ಕಾಣುವುದು ಅದೇ.

ಅಂದಿನಿಂದ ಯಂತ್ರ ಅವರದಾಯಿತು. ಬೇರೆಯವರು ತೆರೆದುಕೊಟ್ಟಾಗ ನಾವು ಅವರು ತೆರೆದದ್ದನ್ನು ಮಾತ್ರ ನೋಡುತ್ತೇವೆ. ನಾವೇ ತೆರೆದರೆ ಅಲ್ಲಿ ಇಲ್ಲಿ ಅಡ್ಡಾಡುತ್ತೇವೆ. ಚನ್ನವೀರಪ್ಪನವರು ಹಾಗೆ ಅಡ್ಡಾಡುತ್ತ ತಮ್ಮ ಹಳೆಯ ಪ್ರಕಟಣೆಗಳ ಕಟ್ಟಿಗೆ ಬಂದರು. ಅದನ್ನು ಕೇಳಿಸಿಕೊಳ್ಳಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಯಾರಿಗೂ ಅದು ಹೊಳೆಯುವಂಥದ್ದೂ ಆಗಿರಲಿಲ್ಲ.

ನಿಮ್ಮ ಪಾಳಿ ಬದಲಾಗಿ ನೀವು ಮಧ್ಯಾಹ್ನವೇ ಮನೆಗೆ ಬಂದ ದಿನ ಅದು. ಓಣಿಯ ತಿರುವಿನಲ್ಲೇ ಆ ಧ್ವನಿ ಕೇಳಿಸಿತು. ಪ್ರಯಾಣಿಕರ ಗಮನಕ್ಕೆ. ನೀವು ಟಿಕೆಟ್ ಚೀಲ ಹಿಡಿದು ನಿಂತಿರಿ. ಹಳೆಯ ರೆಕಾರ್ಡು ಎಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಕಣ್ಣು ಒರೆಸಿಕೊಂಡು ಬಾಗಿಲಿಗೆ ಬಂದಾಗ ಅಲ್ಲಿ ಎರಡು ಧ್ವನಿ ಇದ್ದವು. ಒಂದು, ಗಂಟೆಯ ನಾದದ ಹಾಗೆ ತಿಳಿಯಾಗಿತ್ತು. ಅದರ ಹಿಂದೆಯೇ ಇನ್ನೊಂದು, ತೊದಲುತ್ತ, ಕುಂಟುತ್ತ, ಆದರೆ ಒಂದು ಪದವನ್ನೂ ಬಿಡದೆ ಹೋಗುತ್ತಿತ್ತು. ನೀರು ಎನ್ನಲು ಬಾರದ ಬಾಯಿ, ಗಾಡಿಯು ಕೆಲವೇ ನಿಮಿಷಗಳಲ್ಲಿ ಒಂದನೆಯ ಪ್ಲಾಟ್‌ಫಾರ್ಮಿಗೆ ಬಂದು ತಲುಪಲಿದೆ ಎನ್ನುತ್ತಿತ್ತು.

ಅವರು ತಿರುಗಿ ನಿಮ್ಮನ್ನು ನೋಡಿದರು. ಎಡಗೈ ಎತ್ತಿ ನಿಮ್ಮತ್ತ ತೋರಿಸಿ, ತುಟಿಗಳನ್ನು ಎಷ್ಟೋ ಸಲ ಜೋಡಿಸಿ ಬಿಡಿಸಿ, "ಪ್ರಯಾಣಿಕರ ಗಮನಕ್ಕೆ. ನೀಲಾ... ಬಂದು... ತಲುಪಿದೆ" ಎಂದರು.

ನೀವು ಹೊಸ್ತಿಲ ಮೇಲೆ ಕುಳಿತುಬಿಟ್ಟಿರಿ. "ಹೌದ್ರೀ, ತಲುಪೇತಿ" ಎಂದಿರಿ.

ಸಾವಿರಾರು ಸಲ ಹೇಳಿ ಹೇಳಿ ನಾಲಗೆಗೆ ಹತ್ತಿದ ಮಾತು ಕೆಲವೊಮ್ಮೆ ಉಳಿದಿರುತ್ತದೆ, ಅದನ್ನೇ ಹಿಡಿದು ಬೇರೆ ಮಾತನ್ನು ಎಳೆಯಬಹುದು ಎಂದು ಡಾಕ್ಟರಮ್ಮ ಆಮೇಲೆ ವಿವರಿಸಿದರು. ಅಲ್ಲಿಂದ ಮುಂದೆ ನಿಮ್ಮ ಮನೆಯಲ್ಲಿ ಎಲ್ಲವೂ ಗಾಡಿಯಾಯಿತು. ಚಹಾ ಅಡುಗೆಮನೆಯಿಂದ ಹೊರಡುತ್ತಿತ್ತು. ಬೆಕ್ಕು ತಡವಾಗಿ ಬರುತ್ತಿತ್ತು. ಶಿವಯೋಗಪ್ಪನವರು ಬಂದರೆ ಎರಡನೆಯ ಪ್ಲಾಟ್‌ಫಾರ್ಮು. ಅವರು ಮೊದಲಿನಂತೆ ಮಾತಾಡಲಿಲ್ಲ, ಮುಂದೆಯೂ ಮಾತಾಡುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇಕಾದ್ದನ್ನು ಕೇಳುತ್ತಾರೆ, ಬೇಡವಾದ್ದನ್ನು ಬೇಡ ಎನ್ನುತ್ತಾರೆ. ಮುಂದೆ ನಡೆಯುವುದನ್ನು ನಾನು ಹೇಳಬಾರದು. ಆದರೂ ಒಂದು ಹೇಳಿಬಿಡುತ್ತೇನೆ. ಮಗಳ ಮದುವೆಯಲ್ಲಿ, ಅವಳನ್ನು ಕಳಿಸಿಕೊಡುವ ಹೊತ್ತಿಗೆ, ಅವರ ಕೈಗೆ ಮೈಕು ಕೊಡಿ. ಎಲ್ಲರೂ ನಗುತ್ತಾರೆ, ಆಮೇಲೆ ಎಲ್ಲರೂ ಅಳುತ್ತಾರೆ. ನೀವು ಹೆದರಬೇಡಿ.

ಈಗ ನನ್ನ ಅಪ್ಪನ ವಿಷಯ. ಹೆಜ್ಜೆಬೀಗದ ಮೇಲ್ವಿಚಾರಕರು, ಹೊಸ ನಡಿಗೆ ಒಂದೇ ಸಮನಾಗುವವರೆಗೆ ಮನೆ ಅವರನ್ನು ಗುರುತಿಸದು ಎಂದರು. ಪೂರ್ತಿ ತೆಗೆದುಬಿಡಿ ಎಂದು ನನ್ನ ಅಣ್ಣ, ತೆಗೆಯಲೇಬಾರದು ಎಂದು ನನ್ನ ಸೋದರತ್ತೆ. ನಾನು ಇಬ್ಬರಿಗೂ ನಿಮ್ಮ ಕಥೆಯನ್ನು ಮತ್ತೊಮ್ಮೆ ಹೇಳಿದೆ. ಅಪ್ಪನ ಕೋಣೆ, ಒಲೆ, ನೀರು, ಹಿತ್ತಲ ಬಾಗಿಲು, ಇಷ್ಟಕ್ಕೆ ಬೀಗ ತೆಗೆಸಿದೆವು. ಉಳಿದದ್ದಕ್ಕೆ ಬಿಟ್ಟೆವು. ನಾನು ಇದನ್ನು ಬರೆಯುತ್ತಿರುವಾಗ ಅವರು ಒಲೆಯ ಮುಂದೆ ನಿಂತು ಚಹಾ ಕುದಿಸುತ್ತಿದ್ದಾರೆ. ಸಕ್ಕರೆ ಹೆಚ್ಚಾಗಿದೆ ಎಂದು ವಾಸನೆಯಲ್ಲೇ ಗೊತ್ತಾಗುತ್ತಿದೆ. ಆದರೂ ಪೂರ್ತಿ ಕುಡಿಯುತ್ತೇನೆ. ನಮ್ಮ ಕಾಲದಲ್ಲಿ ಬೀಗ ಹಾಕುವ ಜಾಣರು ಬಹಳ ಇದ್ದಾರೆ. ಎಲ್ಲಿ ಹಾಕಬಾರದು ಎಂದು ನಿಂತು ಯೋಚಿಸುವವರು ಕಡಿಮೆ. ನಿಮ್ಮ ಬಗ್ಗೆ ನಮಗಿರುವ ಗೌರವ ಆ ಕಾರಣಕ್ಕೆ.

ಕೊನೆಯದಾಗಿ ಒಂದು ಬೇಡಿಕೆ. ಚನ್ನವೀರಪ್ಪನವರ ಧ್ವನಿ ನಮ್ಮಲ್ಲಿದೆ. ಲಕ್ವಾಕ್ಕೆ ಮೊದಲಿನದೂ ಇದೆ, ಆಮೇಲಿನದೂ ಇದೆ, ಮಕ್ಕಳು ಅದನ್ನು ಅನುಕರಿಸಿ ಆಡುತ್ತಾರೆ. ನಿಮ್ಮದು ಇಲ್ಲ. ಹಗಲೆಲ್ಲ ಬಸ್ಸಿನಲ್ಲಿ ಊರುಗಳ ಹೆಸರು ಕೂಗಿದವರು ನೀವು, ನಿಮ್ಮ ಒಂದು ಮಾತೂ ಎಲ್ಲೂ ಉಳಿದಿಲ್ಲ. ಎಷ್ಟು ಹುಡುಕಿದರೂ ಸಿಕ್ಕಿದ್ದು ಒಂದು ಕಡೆ ಅವರ ಅಭ್ಯಾಸದ ರೆಕಾರ್ಡಿನ ನಡುವೆ ದೂರದಿಂದ ಬರುವ ಅರ್ಧ ಕೆಮ್ಮು. ಅದು ನಿಮ್ಮದೇ ಎಂದು ನಾವು ನಂಬಿದ್ದೇವೆ. ಒಂದು ದಿನ ಅವರು ಊಟಕ್ಕೆ ಎದ್ದಾಗ ಆ ಕುರ್ಚಿಯಲ್ಲಿ ನೀವು ಕುಳಿತುಕೊಳ್ಳಿ. ಮೈಕು ಅಲ್ಲೇ ಇದೆ. ಚೆಂದದ ಮಾತೇ ಆಗಬೇಕೆಂದಿಲ್ಲ. ಬಸ್ಸಿನಲ್ಲಿ ಯಾರ ಜೊತೆ ಜಗಳವಾಯಿತು, ಕಾಲು ಎಷ್ಟು ನೋಯುತ್ತಿದೆ, ನಾಳೆ ಏನು ಪಲ್ಯ, ಏನಾದರೂ ಹೇಳಿ. ನಾವು ಇಷ್ಟು ಜನ ಇಲ್ಲಿ ಸುಮ್ಮನೆ ಕುಳಿತು ಕೇಳುತ್ತೇವೆ.

ನಿಮ್ಮ,
ಇಳಾ ಸಂಗಣ್ಣ